ನೋಯಿಸದ ಅಲಗು

ಬಾಗಿಲು ದೂಡುತ್ತಲೇ ಅಮೋನಿಯಾದ ಘಾಟು ಮೂಗಿಗೆ ಬಡಿಯುತ್ತದೆ. ಸುಳ್ಯ, ಪುತ್ತೂರಿನ ರಬ್ಬರ್ ತೋಟದವರು ಕಣ್ಣು ಮುಚ್ಚಿಯೇ ಗುರುತಿಸಬಲ್ಲ ವಾಸನೆ. ಮರದಿಂದ ಇಳಿಸಿದ ಹಾಲು ಹೆಪ್ಪುಗಟ್ಟದಿರಲೆಂದು ಬೆರೆಸುವುದು ಅದನ್ನೇ. ಆದರೆ ಇದು ಇಂಗ್ಲೆಂಡಿನ ಒಂದು ಪುಟ್ಟ ಕಾರ್ಯಾಗಾರ. ಹಗ್ಗದಿಂದ ತಲೆಕೆಳಗಾಗಿ ತೂಗುತ್ತಿರುವ ಕತ್ತಿ, ಕೊಡಲಿ, ಗದೆಗಳ ಮೇಲೆ ಬಳಿದ ರಬ್ಬರ್ ಹಾಲು ಇನ್ನೂ ಆರುತ್ತಿದೆ. ಕುಲುಮೆಯ ಕಾವಿಲ್ಲ, ಸುತ್ತಿಗೆಯ ಸದ್ದಿಲ್ಲ. ಹೊಸ ಬ್ಲೇಡು ಫೋಮ್ ಹಾಳೆಯನ್ನು ಸೀಳಿಕೊಂಡು ಹೋಗುವ ಸರ್‍ರ್ ಎಂಬ ಸಣ್ಣ ದನಿಯಷ್ಟೆ.

ಲೈವ್ ಆಕ್ಷನ್ ರೋಲ್ ಪ್ಲೇ, ಚಿಕ್ಕದಾಗಿ ಲಾರ್ಪ್, ಎಂಬ ಆಟಕ್ಕೆ ಬೇಕಾದ ಆಯುಧಗಳಿವು. ಆಡುವವರೇ ವೇಷ ತೊಟ್ಟು, ತಮ್ಮ ಪಾತ್ರದ ಮಾತನ್ನು ತಾವೇ ಹುಟ್ಟಿಸಿಕೊಂಡು, ಕಾಡುಮೇಡುಗಳಲ್ಲಿ ದಿನಗಟ್ಟಲೆ ಕಥೆಯೊಂದನ್ನು ಬದುಕುತ್ತಾರೆ. ಯುದ್ಧ ಬಂದಾಗ ನಿಜವಾಗಿಯೇ ಬೀಸುತ್ತಾರೆ, ನಿಜವಾಗಿಯೇ ಏಟು ತಾಗುತ್ತದೆ. ಆದ್ದರಿಂದ ಈ ಮೇಜಿನ ಮುಂದೆ ಕುಳಿತವನ ಗಮನವೆಲ್ಲ, ತಾನು ಎಂದೂ ಕಾಣದ ಯಾರದೋ ಭುಜದ ಮೇಲೆ, ಬೆರಳಿನ ಗೆಣ್ಣಿನ ಮೇಲೆ.

ಕತ್ತಿಯ ನಡುವೆ ಬೆನ್ನುಮೂಳೆಯಾಗಿ ಫೈಬರ್ ಗ್ಲಾಸಿನ ಸರಳು. ಅದರ ಎರಡೂ ತುದಿಗೆ ತೊಗಲಿನ ಟೊಪ್ಪಿಗೆ ತೊಡಿಸುತ್ತಾರೆ, ಏಟಿನ ಮೇಲೆ ಏಟು ಬಿದ್ದು ಸರಳು ಫೋಮನ್ನು ಕೊರೆದು ಹೊರಗೆ ಇಣುಕಬಾರದೆಂದು. ನಡುವಿನ ಹಾಳೆಯಲ್ಲಿ ತೋಡಿದ ಕಾಲುವೆಯಲ್ಲಿ ಸರಳನ್ನು ಮಲಗಿಸಿ, ಮೇಲೊಂದು ಕೆಳಗೊಂದು ಹಾಳೆ. ಅಂಟನ್ನು ಎರಡೂ ಮೈಗೆ ತೆಳ್ಳಗೆ ಸವರಿ, ಬೆರಳಿಗೆ ಹತ್ತದಷ್ಟು ಆರುವವರೆಗೆ ಸುಮ್ಮನೆ ಕಾಯುತ್ತಾರೆ; ಆಮೇಲೆ ಒತ್ತಿದರೆ ಮುಗಿಯಿತು, ಬಿಡಿಸಿ ಮತ್ತೆ ಕೂಡಿಸುವ ಮಾತಿಲ್ಲ. ಸರಳು ಮೊನೆಯವರೆಗೆ ಹೋಗುವುದಿಲ್ಲ. ಅದು ನಿಂತ ಮೇಲೂ ಕೆಲವು ಬೆರಳಗಲ ಬರೀ ಮೆತ್ತನೆಯ ಫೋಮ್ ಮುಂದುವರಿಯುತ್ತದೆ. ಇಡೀ ಕತ್ತಿಯಲ್ಲಿ ನಾನು ಹೆಚ್ಚು ಗೌರವಿಸುವುದು ನೋಡುವವರಿಗೆ ಕಾಣದ ಈ ಜಾಗವನ್ನು.

ಇನ್ನು ಅಂಚು ಕೆತ್ತುವ, ಉಜ್ಜುವ ಕೆಲಸ. ಬೂದುಬಣ್ಣದ ಪುಡಿ ತೋಳಿಗೆಲ್ಲ ಅಂಟುತ್ತದೆ. ಬಿಸಿಗಾಳಿ ಹಾಯಿಸಿದಾಗ ಮೈ ಬಿಗಿದು ನುಣುಪಾಗುತ್ತದೆ. ಬಳಿಕ ಬಣ್ಣ ಬೆರೆಸಿದ ರಬ್ಬರ್ ಹಾಲನ್ನು, ಎಂದರೆ ಲೇಟೆಕ್ಸನ್ನು, ಪದರದ ಮೇಲೆ ಪದರವಾಗಿ, ಪ್ರತಿ ಸಲವೂ ಆರಗೊಟ್ಟು, ಬಳಿಯುತ್ತಾರೆ. ಕಡೆಯ ಬಳಿತದಲ್ಲಿ ಬೆಳ್ಳಿಬಣ್ಣ ಮೂಡಿ, ಹಳೆಯ ಕಾಳಗದ ಗೀರುಗಳೂ ಬಿದ್ದು, ಕೈಗೆತ್ತಿಕೊಂಡರೆ ಮಾತ್ರ ಗುಟ್ಟು ತಿಳಿಯುವಷ್ಟು ಹಗುರಾದ ಉಕ್ಕು ಸಿದ್ಧವಾಗುತ್ತದೆ.

ಕುಶಲತೆ ಇಷ್ಟು ಬೆಳೆಯಲು ಕಾಲ ಹಿಡಿಯಿತು. ಅಮೆರಿಕದ ವಾಷಿಂಗ್ಟನ್ ಸುತ್ತಮುತ್ತ 1977ರಲ್ಲಿ ‘ಡಾಗೊರ್‌ಹಿರ್’ ಎಂಬ ಫೋಮ್ ಆಯುಧಗಳ ಕಾಳಗದ ಕೂಟ ಶುರುವಾಯಿತು. 1982ರಲ್ಲಿ ಇಂಗ್ಲೆಂಡಿನ ಚೆಷೈರಿನಲ್ಲಿ, 19ನೆಯ ಶತಮಾನದಲ್ಲಿ ಮಧ್ಯಯುಗದ ಕೋಟೆಯಂತೆಯೇ ಕಟ್ಟಿಸಿದ ಪೆಕ್‌ಫರ್ಟನ್ ಅರಮನೆಯೊಳಗೆ ‘ಟ್ರೆಷರ್ ಟ್ರ್ಯಾಪ್’ ಎಂಬ ಲಾರ್ಪ್ ಆಟ ತೊಡಗಿತು. ಕೊಳವೆಗೆ ಫೋಮ್ ಸುತ್ತಿ ಟೇಪ್ ಬಿಗಿಯುವ ಆ ಕಾಲದ ಸರಳ ವಿಧಾನ ಇಂದಿಗೂ ಉಳಿದಿದೆ. ಚೆಂದ ಕಡಿಮೆ, ಕಲಿಯುವವರಿಗೆ ಸಾಕು.

ಈಗ ಬನ್ನಿ, ಜರ್ಮನಿಯ ಬ್ರೋಕೆಲೋ ಹಳ್ಳಿಯ ಬಯಲಿಗೆ. 2004ರಲ್ಲಿ ಆರಂಭವಾದ ‘ಕಾಂಕ್ವೆಸ್ಟ್ ಆಫ್ ಮಿಥೋಡಿಯಾ’ ಎಂಬ ಲಾರ್ಪ್ ಕೂಟಕ್ಕೆ ಬೇಸಿಗೆಯಲ್ಲಿ ಸಾವಿರಾರು ಮಂದಿ ಇಲ್ಲಿ ಡೇರೆ ಹೂಡುತ್ತಾರೆ. ಹೊಗೆ, ತುಳಿದ ಹುಲ್ಲಿನ ವಾಸನೆ, ತಮಟೆಯ ಸದ್ದು. ಇಂಥ ಕೂಟಗಳಲ್ಲಿ ಆಟಕ್ಕೆ ಮೊದಲು ಆಯುಧಗಳ ತಪಾಸಣೆ ನಡೆಯುತ್ತದೆ. ತಪಾಸಣೆಯವರು ಮೊನೆಯನ್ನು ಹಿಚುಕುತ್ತಾರೆ, ಅಲಗನ್ನು ಬಾಗಿಸಿ ಒಳಗೆ ಸರಳು ಮುರಿದ ಸಪ್ಪಳವಿದೆಯೇ ಎಂದು ಆಲಿಸುತ್ತಾರೆ, ಅಂಚಿನುದ್ದಕ್ಕೂ ಬೆರಳಾಡಿಸಿ ಹರಿದ ಜಾಗ ಹುಡುಕುತ್ತಾರೆ. ಬಾಣದ ತುದಿಯ ಮೆತ್ತೆ ಕಣ್ಣಿನ ಗೂಡಿಗಿಂತ ಅಗಲವಾಗಿರಲೇಬೇಕು. ಬ್ರಿಟನ್ನಿನ ಹಲವು ಆಟಗಳಲ್ಲಿ ಬಿಲ್ಲಿನ ಸೆಳೆತ 30 ಪೌಂಡ್ ಮೀರುವಂತಿಲ್ಲ. ಎಸೆಯುವ ಚಾಕುವಿಗಂತೂ ಸರಳೇ ಇರಕೂಡದು.

ಕೊಳ್ಳಲು ಹೊರಟವರು ಬಣ್ಣಕ್ಕೆ ಮರುಳಾಗುವುದು ಸಹಜ. ಹಾಗಾಗಬೇಡಿ. ಸರಳಿರುವ ಹೆಚ್ಚಿನ ಕತ್ತಿಗಳು ಬೀಸಲಷ್ಟೇ ಮಾಡಿದವು, ಇರಿಯಲು ಅಲ್ಲ. ಮಾರುವವರನ್ನು ಕೇಳಿ ತಿಳಿದುಕೊಳ್ಳಿ. ಲೇಟೆಕ್ಸ್ ಮೈಗೆ ಒಗ್ಗದವರು ಕೆನಡಾದ ಕ್ವಿಬೆಕ್‌ನ ‘ಕಾಲಿಮಾಸಿಲ್’ನಂಥವರು ಅಚ್ಚಿನಲ್ಲೇ ಎರೆದು ಮಾಡುವ ಫೋಮ್ ಆಯುಧ ನೋಡಬಹುದು. ತಂದ ಮೇಲೆ ಬಿಸಿಲಲ್ಲಿ, ಕಾದ ಕಾರಿನೊಳಗೆ ಬಿಡಬೇಡಿ. ಮೊನೆಯೂರಿ ನಿಲ್ಲಿಸಬೇಡಿ, ಅದಕ್ಕೆ ಒರಗಬೇಡಿ. ಆಗಾಗ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಅಂಗಡಿಯಲ್ಲಿ ಹೆಬ್ಬೆರಳಿಂದ ಮೊನೆಯನ್ನು ಗಟ್ಟಿಯಾಗಿ ಒತ್ತಿ ನೋಡಿ. ಒಳಗಿನ ಸರಳು ಬೆರಳಿಗೆ ತಾಗಿತೋ, ಎಷ್ಟೇ ಸೊಗಸಾಗಿರಲಿ, ಆ ಕತ್ತಿಯನ್ನು ಅಲ್ಲೇ ಬಿಟ್ಟು ಬನ್ನಿ.