ಡೈ ಹಾಕಿ ತೆಗೆಯುವ ಹೃದಯದ ಚಿತ್ರ

ಎದೆ ಹಿಡಿದುಕೊಂಡಿತೆಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಮನೆಗಳಲ್ಲಿ ಮೊದಲು ಬರುವ ಮಾತು ‘ಜಯದೇವಕ್ಕೆ ಹೋಗೋಣ’. ಬೆಂಗಳೂರಿನ ಆ ಹೃದ್ರೋಗ ಸಂಸ್ಥೆ ಶುರುವಾದದ್ದು 1972ರಲ್ಲಿ. ಬಹುಕಾಲ ಅದರ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ 2024ರಲ್ಲಿ ಸಂಸದರಾಗಿ ಗೆದ್ದದ್ದು ಇದೇ ನಾಲ್ಕು ಊರುಗಳನ್ನು ಒಳಗೊಂಡ ಬೆಂಗಳೂರು ಗ್ರಾಮಾಂತರ ಕ್ಷೇತ್ರದಿಂದ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೃದಯ ನಿಂತು ತೀರಿಕೊಂಡಾಗ, ಮತ್ತೆ 2025ರ ನಡುವಿನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನವೂ ಸುದ್ದಿಯಾದಾಗ, ತಪಾಸಣೆಗೆಂದು ಜನ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಆ ಸಾಲುಗಳಲ್ಲಿದ್ದ ಭಯಕ್ಕೆ ಬೇಕಿದ್ದದ್ದು ಒಂದೇ ಉತ್ತರ: ಬ್ಲಾಕ್ ಇದೆಯೋ ಇಲ್ಲವೋ?

ತೊಡೆಯಿಂದಲೋ ಮಣಿಕಟ್ಟಿನಿಂದಲೋ ಹೃದಯದವರೆಗೆ ಕೊಳವೆ ತೂರಿಸದೆ ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಪರೀಕ್ಷೆಯೊಂದಿದೆ. ವೈದ್ಯರು ಅದನ್ನು ಕಾರ್ಡಿಯಾಕ್ ಸಿ.ಟಿ. ಅಥವಾ ಸಿ.ಟಿ. ಆಂಜಿಯೋ ಎನ್ನುತ್ತಾರೆ, ರೋಗಿಗಳ ಬಾಯಲ್ಲಿ ಅದು ‘ಡೈ ಹಾಕಿ ಮಾಡೋ ಸ್ಕ್ಯಾನ್’. ಒಳ್ಳೆಯ ಪರೀಕ್ಷೆಯೇ. ಆದರೆ ಎಲ್ಲರಿಗೂ ಬೇಕಾದದ್ದಲ್ಲ, ಎಲ್ಲ ಹೊತ್ತಿಗೂ ಸಲ್ಲುವುದಲ್ಲ. ಯಾರಿಗೆ, ಯಾವಾಗ ಎಂಬುದು ಗೊತ್ತಿದ್ದರೆ ಹಣ ಉಳಿಯುತ್ತದೆ, ಕೆಲವೊಮ್ಮೆ ಜೀವವೂ.

ಸಿ.ಟಿ. ಯಂತ್ರದಿಂದ ಮನುಷ್ಯನ ಮೊದಲ ಚಿತ್ರ ತೆಗೆದದ್ದು 1971ರ ಅಕ್ಟೋಬರ್ 1ರಂದು, ಲಂಡನ್ನಿನ ಆಸ್ಪತ್ರೆಯೊಂದರಲ್ಲಿ. ಅದು ಮಿದುಳಿನ ಚಿತ್ರ. ಯಂತ್ರ ಕಟ್ಟಿದ ಎಂಜಿನಿಯರ್ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಮತ್ತು ಅದರ ಗಣಿತವನ್ನು ಮೊದಲೇ ಬಿಡಿಸಿಟ್ಟಿದ್ದ ಅಲನ್ ಕಾರ್ಮ್ಯಾಕ್ ಅವರಿಗೆ 1979ರಲ್ಲಿ ನೊಬೆಲ್ ಬಂತು. ಈ ಯಂತ್ರದ ಕೆಲಸ ಅರ್ಥವಾಗಲು ಚನ್ನಪಟ್ಟಣದ ಗೊಂಬೆ ಕಾರ್ಖಾನೆಯೊಂದನ್ನು ನೆನೆದರೆ ಸಾಕು. ಅಲ್ಲಿ ಹಾಲೆ ಮರದ ತುಂಡು ಲೇತಿನಲ್ಲಿ ಗಿರಗಿರ ತಿರುಗುತ್ತದೆ, ಉಳಿ ನಿಂತಲ್ಲೇ ನಿಲ್ಲುತ್ತದೆ. ಸಿ.ಟಿ.ಯಲ್ಲಿ ಇದು ಅದಲುಬದಲು: ಮನುಷ್ಯ ಅಲುಗಾಡದೆ ಮಲಗಿರುತ್ತಾನೆ, ಎಕ್ಸ್‌ರೇ ಕೊಳವೆ ಅವನ ಸುತ್ತ ತಿರುಗುತ್ತದೆ. ನೂರಾರು ಕೋನಗಳಿಂದ ಸಿಕ್ಕ ಲೆಕ್ಕವನ್ನು ಕಂಪ್ಯೂಟರ್ ಜೋಡಿಸಿ ಮೈಯ ಒಳಗಿನ ತೆಳು ತೆಳು ಪದರಗಳನ್ನು ತೋರಿಸುತ್ತದೆ.

ಮಿದುಳು ಅಲುಗುವುದಿಲ್ಲ, ಹೃದಯ ನಿಲ್ಲುವುದಿಲ್ಲ. ಹೃದಯದ ಸಿ.ಟಿ. ತಡವಾಗಿ ಬಂದದ್ದಕ್ಕೆ ಕಾರಣ ಇದೇ. ಹೃದಯಕ್ಕೇ ರಕ್ತ ಕೊಡುವ ಕರೋನರಿ ನಾಳಗಳು ಬುಡದಲ್ಲೂ ಮೂರು-ನಾಲ್ಕು ಮಿಲಿಮೀಟರ್ ದಪ್ಪ ಮಾತ್ರ. ಪ್ರತಿ ಬಡಿತಕ್ಕೂ ಜಿಗಿಯುತ್ತವೆ. ಒಂದೇ ಸುತ್ತಿನಲ್ಲಿ 64 ಪದರ ಹಿಡಿಯುವ ಯಂತ್ರಗಳು 2004ರ ಸುಮಾರಿಗೆ ಬಂದ ಮೇಲಷ್ಟೇ ಅವುಗಳ ಒಳಗು ನಂಬುವಂತೆ ಕಾಣತೊಡಗಿತು. ಎದೆಗೆ ಇ.ಸಿ.ಜಿ. ತಂತಿ ಅಂಟಿಸಿ, ಎರಡು ಬಡಿತಗಳ ನಡುವೆ ಹೃದಯ ಸಡಿಲಗೊಂಡು ಹೆಚ್ಚುಕಡಿಮೆ ನಿಶ್ಚಲವಾಗುವ ಆ ಚೂರು ಹೊತ್ತಿನಲ್ಲಿ ಯಂತ್ರ ಚಿತ್ರ ಹಿಡಿಯುತ್ತದೆ. ಬಡಿತ ನಿಧಾನವಾದಷ್ಟೂ ಆ ಬಿಡುವು ದೊಡ್ಡದು. ನಿಮಿಷಕ್ಕೆ 60ರ ಆಸುಪಾಸಿಗೆ ಬಡಿತ ಇಳಿಸುವ ಮಾತ್ರೆ ಕೊಡುವುದು, ಹಿಂದಿನ ರಾತ್ರಿಯಿಂದ ಕಾಫಿ, ಟೀ ಬೇಡ ಎನ್ನುವುದು ಇದಕ್ಕೇ.

ಇನ್ನು ಡೈ. ಎಕ್ಸ್‌ರೇ ಕಣ್ಣಿಗೆ ರಕ್ತವೂ ಹೃದಯದ ಸ್ನಾಯುವೂ ಸುಮಾರು ಒಂದೇ ಬಣ್ಣ. ಬೇರ್ಪಡಿಸಿ ತೋರಿಸಲು ಅಯೋಡಿನ್ ಇರುವ ದ್ರವವನ್ನು ರಕ್ತಕ್ಕೆ ಸೇರಿಸುತ್ತಾರೆ. ಅಯೋಡಿನ್ ಭಾರದ ಧಾತು, ಎಕ್ಸ್‌ರೇಯನ್ನು ಚೆನ್ನಾಗಿ ತಡೆಯುತ್ತದೆ. ಹಾಗಾಗಿ ರಕ್ತ ಹರಿಯುವ ಜಾಗವೆಲ್ಲ ಬೆಳ್ಳಗೆ ಹೊಳೆಯುತ್ತದೆ. ಮೊಣಕೈ ಮಡಚುವ ಕಡೆ ದಪ್ಪ ಸೂಜಿ ಹಾಕಿ, 50ರಿಂದ 100 ಮಿಲಿಲೀಟರ್ ದ್ರವವನ್ನು ಪಂಪಿನಿಂದ ಸೆಕೆಂಡಿಗೆ ಸುಮಾರು ಐದು ಮಿಲಿಲೀಟರ್ ವೇಗದಲ್ಲಿ ಬಿಡುತ್ತಾರೆ. ತೋಳಿನಿಂದ ಎದೆಗೆ, ಅಲ್ಲಿಂದ ಕೆಳಹೊಟ್ಟೆಗೆ ಬಿಸಿ ಹರಿದಂತಾಗುತ್ತದೆ. ಮೂತ್ರ ಹೋಗಿಬಿಟ್ಟಿತೇನೋ ಎಂದು ಎಷ್ಟೋ ಜನ ಮುಜುಗರಪಡುತ್ತಾರೆ. ಹೋಗಿರುವುದಿಲ್ಲ, ಅದು ಡೈ ಹುಟ್ಟಿಸುವ ಭಾವನೆ. ‘ಉಸಿರು ಎಳೆದುಕೊಳ್ಳಿ, ಹಿಡಿದುಕೊಳ್ಳಿ’ ಎಂಬ ದನಿ ಕೇಳುತ್ತದೆ. ಡೈ ಮಹಾಧಮನಿಗೆ ಬಂದು ಮುಟ್ಟಿದ್ದನ್ನು ಯಂತ್ರವೇ ಕಂಡುಕೊಂಡು ಚಿತ್ರ ತೆಗೆಯುತ್ತದೆ. ಆ ಕೆಲಸಕ್ಕೆ ಕೆಲವು ಸೆಕೆಂಡು ಸಾಕು. ಹೊತ್ತು ಹಿಡಿಯುವುದು ತಯಾರಿಗೆ.

ಹೀಗೆ ಸಿಕ್ಕ ಚಿತ್ರದಲ್ಲಿ ನಾಳದ ಒಳಜಾಗ ಎಷ್ಟು ಕಿರಿದಾಗಿದೆ ಎಂಬುದಷ್ಟೇ ಅಲ್ಲ, ಗೋಡೆಯಲ್ಲಿ ಏನು ಕೂತಿದೆ ಎಂಬುದೂ ಕಾಣುತ್ತದೆ. ಗಟ್ಟಿಯಾದ ಸುಣ್ಣದಂಶ ಬೇರೆ, ಮೆತ್ತಗಿನ ಕೊಬ್ಬು ಬೇರೆ. ಕೊಳವೆ ತೂರಿಸಿ ಮಾಡುವ ಸಾಮಾನ್ಯ ಆಂಜಿಯೋಗ್ರಾಂ ನಾಳದ ಒಳಗಿನ ಹರಿವನ್ನು ಮಾತ್ರ ತೋರಿಸುವುದರಿಂದ ಗೋಡೆಯ ಈ ಸಂಗತಿ ಅಲ್ಲಿ ಸಿಗದು. ನಾಳಗಳಾಚೆಗೆ ಹೃದಯದ ಕಟ್ಟಡವೇ ಕಣ್ಣೆದುರು ತೆರೆದುಕೊಳ್ಳುತ್ತದೆ: ಹುಟ್ಟಿನಿಂದಲೇ ತಪ್ಪು ದಾರಿ ಹಿಡಿದ ರಕ್ತನಾಳ, ಕೋಣೆಗಳ ನಡುವಿನ ರಂಧ್ರ, ಉಬ್ಬಿದ ಮಹಾಧಮನಿ, ಹಳೆಯ ಬೈಪಾಸ್ ನಾಳ ತೆರೆದೇ ಇದೆಯೋ ಮುಚ್ಚಿದೆಯೋ ಎಂಬುದು. ವಯಸ್ಸಾದವರಿಗೆ ಎದೆ ತೆರೆಯದೆ ತೊಡೆಯ ರಕ್ತನಾಳದ ಮೂಲಕ ಹೊಸ ವಾಲ್ವ್ ಕೂರಿಸುವ ಮುನ್ನ ಅಳತೆ ತೆಗೆದುಕೊಳ್ಳುವುದು ಈ ಚಿತ್ರದಿಂದಲೇ.

ಒಂದು ಬಡಿತದ ಎಲ್ಲ ಘಟ್ಟಗಳನ್ನೂ ಹಿಡಿದರೆ ಹೃದಯ ಕೆಲಸ ಮಾಡುವುದನ್ನೂ ಸಿನಿಮಾದಂತೆ ನೋಡಬಹುದು. ಎಡಕೋಣೆ ತುಂಬಿದಾಗ ಎಷ್ಟು ರಕ್ತ, ಕುಗ್ಗಿದಾಗ ಎಷ್ಟು ಎಂದು ಅಳೆದರೆ ‘ಇ.ಎಫ್.’ ಸಿಗುತ್ತದೆ. ತುಂಬಿದ ರಕ್ತದಲ್ಲಿ ಸುಮಾರು 55ರಿಂದ 70 ಶೇಕಡ ಹೊರಹೋದರೆ ಹೃದಯದ ಶಕ್ತಿ ಚೆನ್ನಾಗಿದೆ ಎನ್ನುತ್ತಾರೆ. ಕೃತಕ ವಾಲ್ವಿನ ರೆಕ್ಕೆ ಅಂಟಿಕೊಂಡಿದೆಯೇ ಎಂಬುದೂ ಈ ಚಲಿಸುವ ಚಿತ್ರದಲ್ಲಿ ತಿಳಿಯುತ್ತದೆ. ಆದರೆ ಬಡಿತವಿಡೀ ಚಿತ್ರ ತೆಗೆದರೆ ವಿಕಿರಣವೂ ಹೆಚ್ಚು. ಹೃದಯದ ಶಕ್ತಿ ತಿಳಿಯುವುದಷ್ಟೇ ಉದ್ದೇಶವಾದರೆ ಎಕೋ ಎಂಬ ಅಲ್ಟ್ರಾಸೌಂಡ್ ಪರೀಕ್ಷೆ ಸಾಕು. ಅದು ಅಗ್ಗ, ಅದರಲ್ಲಿ ವಿಕಿರಣವೂ ಇಲ್ಲ, ಡೈಯೂ ಇಲ್ಲ.

ಸಿ.ಟಿ. ಆಂಜಿಯೋದ ಮಹತ್ವ ಗೊತ್ತಾದದ್ದು ಸ್ಕಾಟ್ಲೆಂಡಿನ ದೊಡ್ಡ ಅಧ್ಯಯನವೊಂದರಿಂದ. ಎದೆನೋವಿದ್ದ 4,146 ಜನರಲ್ಲಿ ಅರ್ಧದಷ್ಟು ಮಂದಿಗೆ ಮಾಮೂಲಿ ತಪಾಸಣೆಯ ಜೊತೆಗೆ ಸಿ.ಟಿ.ಯನ್ನೂ ಮಾಡಿದರು. 2018ರಲ್ಲಿ ಬಂದ ಐದು ವರ್ಷಗಳ ಫಲಿತಾಂಶದಂತೆ, ಹೃದಯಾಘಾತ ಇಲ್ಲವೇ ಹೃದ್ರೋಗದ ಸಾವು ಸಿ.ಟಿ. ಗುಂಪಿನಲ್ಲಿ ಶೇ. 2.3, ಉಳಿದವರಲ್ಲಿ ಶೇ. 3.9. ಸ್ಟೆಂಟು, ಬೈಪಾಸುಗಳ ಸಂಖ್ಯೆ ಐದು ವರ್ಷದಲ್ಲಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿತ್ತು. ನಾಳದ ಗೋಡೆಯಲ್ಲಿ ಕೊಬ್ಬು ಕಂಡವರಿಗೆ ಸಮಯಕ್ಕೆ ಮಾತ್ರೆ ಶುರುವಾದದ್ದೇ ಲಾಭಕ್ಕೆ ಮುಖ್ಯ ಕಾರಣ ಎಂದು ಸಂಶೋಧಕರು ಎಣಿಸಿದರು.

ಹಾಗಾದರೆ ಯಾರಿಗೆ? ಮೆಟ್ಟಿಲು ಹತ್ತುವಾಗ, ಬೆಟ್ಟ ಏರುವಾಗ ಎದೆ ಬಿಗಿದು ನಿಂತರೆ ಸರಿಹೋಗುವಂಥ ನೋವಿದ್ದು, ಅದು ಗ್ಯಾಸ್ಟ್ರಿಕ್ಕೋ ಹೃದಯದ್ದೋ ಎಂದು ತೀರ್ಮಾನವಾಗದವರಿಗೆ ಇದು ಹೇಳಿಮಾಡಿಸಿದ್ದು. ಚಿತ್ರದಲ್ಲಿ ನಾಳಗಳು ಶುಭ್ರವಾಗಿದ್ದರೆ ದೊಡ್ಡ ಬ್ಲಾಕ್ ಇಲ್ಲ ಎಂದು ಹೆಚ್ಚಿನ ಭರವಸೆಯಿಂದ ಹೇಳಬಹುದು. ಯಾವ ತೊಂದರೆಯೂ ಇಲ್ಲದ 30ರ ಯುವಕ ಸುದ್ದಿ ನೋಡಿ ಹೆದರಿ ಮಾಡಿಸಿಕೊಳ್ಳುವುದು ಬೇಡ. ಅವನಿಗೆ ಬಿ.ಪಿ., ಶುಗರ್, ಕೊಲೆಸ್ಟರಾಲ್ ನೋಡುವುದು, ಬೀಡಿ-ಸಿಗರೇಟು ಬಿಡುವುದು ಹೆಚ್ಚು ಫಲ ಕೊಡುತ್ತದೆ. ನಾಳಗಳಲ್ಲಿ ಸುಣ್ಣದಂಶ ತುಂಬಿದವರಲ್ಲಿ, ಬಡಿತ ತೀರಾ ಅಡ್ಡಾದಿಡ್ಡಿ ಇರುವವರಲ್ಲಿ ಚಿತ್ರವೇ ಮಸುಕಾಗುತ್ತದೆ. ಅಂಥವರಿಗೆ ವೈದ್ಯರು ಬೇರೆ ದಾರಿ ಹೇಳುತ್ತಾರೆ.

ವಿಕಿರಣದ ಭಯ ಬಹಳ ಜನರಿಗಿದೆ. ಹೊಸ ಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದರಿಂದ ಐದು ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಾನಾಗೇ ತಗಲುತ್ತದೆ. ರಾಮನಗರದ ಹೆಬ್ಬಂಡೆಗಳಂಥ ಗ್ರಾನೈಟ್ ಕೂಡ ಅದಕ್ಕೆ ತನ್ನ ಚೂರು ಪಾಲು ಸೇರಿಸುತ್ತದೆ. ಹೆದರಿ ಪರೀಕ್ಷೆ ಬಿಡುವಷ್ಟಿಲ್ಲ, ಸುಮ್ಮಸುಮ್ಮನೆ ಮಾಡಿಸುವಷ್ಟೂ ಹಗುರವಲ್ಲ. ಬಸುರಿಯರಾದರೆ ಮೊದಲೇ ಹೇಳಲೇಬೇಕು.

ಡೈ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕಾದದ್ದು ಕಿಡ್ನಿಗೆ. ಅದಕ್ಕೇ ಮೊದಲು ರಕ್ತದ ಕ್ರಿಯಾಟಿನಿನ್ ನೋಡುತ್ತಾರೆ. ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರು ಅದನ್ನು ತಿಳಿಸಬೇಕು. ಕಿಡ್ನಿ ಸೋತಿದ್ದರೆ ಎರಡು ದಿನ ನಿಲ್ಲಿಸಲು ಹೇಳುತ್ತಾರೆ. ಹಿಂದೆ ಡೈ ಹಾಕಿದಾಗ ಮೈಮೇಲೆ ಗಂಧೆ ಎದ್ದಿತ್ತೇ, ಆಸ್ತಮಾ ಇದೆಯೇ, ಥೈರಾಯ್ಡ್ ತೊಂದರೆ ಇದೆಯೇ ಎಂಬುದನ್ನೂ ಮುಚ್ಚಿಡಬಾರದು. ನಾಳ ಹಿಗ್ಗಿಸಲು ನಾಲಿಗೆಯಡಿ ಔಷಧ ಕೊಡುವುದುಂಟು. ವಯಾಗ್ರಾ ಜಾತಿಯ ಮಾತ್ರೆ ತೆಗೆದುಕೊಂಡವರಲ್ಲಿ ಅದು ಬಿ.ಪಿ.ಯನ್ನು ಅಪಾಯಕ್ಕೆ ಇಳಿಸುತ್ತದೆ. ಸಂಕೋಚ ಬಿಟ್ಟು ಹೇಳಬೇಕಾದ ಮಾತು ಇದು.

ಎದೆನೋವು ಈಗಲೇ ಶುರುವಾಗಿದ್ದು ಬೆವರು ಕಿತ್ತುಬರುತ್ತಿದ್ದರೆ, ನೋವು ತೋಳಿಗೋ ದವಡೆಗೋ ಇಳಿಯುತ್ತಿದ್ದರೆ ಮೊದಲು ಬೇಕಾದದ್ದು ಇ.ಸಿ.ಜಿ., ಸಿ.ಟಿ. ಅಲ್ಲ. ರಾಜ್ಯ ಸರ್ಕಾರ ಪುನೀತ್ ಹೆಸರಿನಲ್ಲಿ ನಡೆಸುತ್ತಿರುವ ಹೃದಯ ಜ್ಯೋತಿ ಯೋಜನೆ ಇರುವುದು ಇದಕ್ಕಾಗಿಯೇ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ತೆಗೆದ ಇ.ಸಿ.ಜಿ.ಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ಅಲ್ಲಿಂದಲೇ ನೋಡುತ್ತಾರೆ. ಬೇಕಿದ್ದವರಿಗೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಅಲ್ಲೇ ಕೊಡುತ್ತಾರೆ. ಮಾಗಡಿಯಿಂದಲೋ ಕನಕಪುರದಿಂದಲೋ ‘ಹೇಗಿದ್ದರೂ ಬೆಂಗಳೂರಿಗೇ ಹೋಗೋಣ’ ಎಂದು 50 ಕಿಲೋಮೀಟರಿನಷ್ಟು ದೂರಕ್ಕೆ ಹೊರಟು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. ಮೊದಲು ಹತ್ತಿರದ ಆಸ್ಪತ್ರೆಗೆ ಹೋಗಿ, ಇಲ್ಲವೇ 108ಕ್ಕೆ ಫೋನ್ ಮಾಡಿ. ಡೈ ಹಾಕುವ ಸ್ಕ್ಯಾನು ಬೇಕೋ ಬೇಡವೋ ಎಂಬುದನ್ನು ಆಮೇಲೆ, ಹಳೆಯ ರಿಪೋರ್ಟುಗಳನ್ನೂ ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೂ ಮುಂದಿಟ್ಟುಕೊಂಡು ಹೃದಯ ತಜ್ಞರ ಜೊತೆ ಕೂತು ನಿರ್ಧರಿಸಿ.