ಆಫೀಸ್ ಬ್ಯಾಗಿನಲ್ಲೊಂದು ‘ಶಿಕಾರಿ’

‘ಕನ್ನಡ ಕಾದಂಬರಿ ಅಂದ್ರೆ ಒಂದು ಹಳ್ಳಿ, ಒಂದು ಮಠ, ಎರಡು ಎಕರೆ ಜಮೀನಿನ ಜಗಳ, ಕೊನೆಗೆ ಬಾವಿಗೆ ಬೀಳೋ ಸೊಸೆ. ನಮಗೆ ಅದರಲ್ಲಿ ಏನಿದೆ ಗುರು?’

ನಮ್ಮ ಆಫೀಸಿನ ಕ್ಯಾಂಟೀನ್‌ನಲ್ಲಿ ವರ್ಷಕ್ಕೆ ಎರಡು ಸಲವಾದರೂ ಈ ಮಾತು ಬರುತ್ತದೆ. ಹೇಳುವವರು ಕನ್ನಡದ ವಿರೋಧಿಗಳೇನಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ 125ಕ್ಕೆ 120 ತೆಗೆದವರು, ನವೆಂಬರ್ ಬಂದರೆ ಕೆಂಪು-ಹಳದಿ ಶಾಲು ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುವವರು. ಪಿಯುಸಿ ಮುಗಿದ ಮೇಲೆ ಸಿಇಟಿ, ಇಂಜಿನಿಯರಿಂಗ್, ಪ್ಲೇಸ್‌ಮೆಂಟ್ ಅಂತ ಓಡಿದ್ದರಲ್ಲಿ ಕನ್ನಡ ಪುಸ್ತಕ ಕೈತಪ್ಪಿ ಹೋಯಿತು, ಅಷ್ಟೆ. ನಮ್ಮ ಬದುಕು ಅಂದರೆ ಲ್ಯಾಪ್‌ಟಾಪ್, ಐ.ಡಿ. ಕಾರ್ಡು, ಅಪ್ರೈಸಲ್, ಇ.ಎಂ.ಐ. ಇದನ್ನೆಲ್ಲ ಕನ್ನಡದಲ್ಲಿ ಯಾರು ಬರೆದಿದ್ದಾರೆ ಅನ್ನುವ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ಬರೆದಿದ್ದಾರೆ. ಅದೂ ನಾವು ಹುಟ್ಟುವ ಮೊದಲೇ. ಯಶವಂತ ಚಿತ್ತಾಲರ ‘ಶಿಕಾರಿ’ ಬಂದದ್ದು 1979ರಲ್ಲಿ.

ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯವರು. ಓದಿದ್ದು ಪಾಲಿಮರ್ ತಂತ್ರಜ್ಞಾನ, ಕೆಲಸ ಮಾಡಿದ್ದು ಮುಂಬೈನ ಉದ್ಯಮ ಜಗತ್ತಿನಲ್ಲಿ. ಮೇಷ್ಟ್ರುಗಳೇ ಹೆಚ್ಚಾಗಿರುವ ನಮ್ಮ ಸಾಹಿತ್ಯದಲ್ಲಿ ಮೀಟಿಂಗು, ಮೆಮೊ, ಪ್ರಮೋಷನ್, ಬೋರ್ಡ್‌ರೂಮ್‌ಗಳನ್ನು ಒಳಗಿನಿಂದ ಕಂಡು ಬರೆದವರು ಅವರು. ‘ಶಿಕಾರಿ’ಯ ನಾಗಪ್ಪ ಕೂಡ ಕೆಮಿಕಲ್ ಇಂಜಿನಿಯರ್. ಹನೇಹಳ್ಳಿಯ ಕಡೆಯಿಂದಲೇ ಬಂದು ಮುಂಬೈನ ದೊಡ್ಡ ಕಂಪನಿಯಲ್ಲಿ ದೊಡ್ಡ ಹುದ್ದೆಗೇರಿದವನು. ಒಂದು ದಿನ ಇದ್ದಕ್ಕಿದ್ದಂತೆ ಅವನನ್ನು ಸಸ್ಪೆಂಡ್ ಮಾಡುತ್ತಾರೆ. ಯಾಕೆ ಅಂತ ಸರಿಯಾಗಿ ಯಾರೂ ಹೇಳುವುದಿಲ್ಲ. ಮುಂದಿನ ನೂರಾರು ಪುಟ ಆ ‘ಯಾಕೆ’ಯ ಬೆನ್ನು ಹತ್ತಿದ ಕಥೆ.

ಕಾಫ್ಕಾನ ‘ದಿ ಟ್ರಯಲ್’ ಜೊತೆ ಇದನ್ನು ಹೋಲಿಸುವವರಿದ್ದಾರೆ. ಹೋಲಿಕೆ ಸರಿಯೇ, ಆದರೆ ನನ್ನ ಮಟ್ಟಿಗೆ ‘ಶಿಕಾರಿ’ ಹತ್ತಿರವಾದದ್ದು ಬೇರೆ ಕಾರಣಕ್ಕೆ. ನಾಗಪ್ಪ ಇಂಜಿನಿಯರ್ ಥರ ಯೋಚಿಸುತ್ತಾನೆ. ಏನೋ ಕೆಟ್ಟಿದೆ, ಮೂಲ ಕಾರಣ ಹುಡುಕಿದರೆ ಸರಿಮಾಡಬಹುದು ಅನ್ನುವ ನಂಬಿಕೆ ಅವನದು. ಯಾರು ಯಾವಾಗ ಏನು ಅಂದರು, ಯಾರ ನಗು ಯಾಕೆ ಬದಲಾಯಿತು, ಯಾವ ಕಾಗದಕ್ಕೆ ಯಾರು ಸಹಿ ಹಾಕಿದರು ಅಂತ ಒಂದೊಂದನ್ನೂ ತೆಗೆದು ಜೋಡಿಸಿ ನೋಡುತ್ತಾನೆ. ಲಾಗ್‌ಗಳನ್ನೆಲ್ಲ ಯಾರೋ ಅಳಿಸಿಹಾಕಿದ ಮೇಲೆ ಬಗ್ ಹುಡುಕಲು ಕೂತವನ ಪಾಡು. ಜೋಡಿಸಿದಷ್ಟೂ ಚಿತ್ರ ದೊಡ್ಡದಾಗುತ್ತದೆ, ಸ್ಪಷ್ಟವಾಗುವುದಿಲ್ಲ. ಫಿರೋಜ್ ಬಂದೂಕ್‌ವಾಲಾ ಅನ್ನುವ ಮೇಲಧಿಕಾರಿ, ಊರ ಕಡೆಯ ಹಳೇ ಪರಿಚಯದ ಶ್ರೀನಿವಾಸ ಎಲ್ಲರೂ ಬೇಟೆಗಾರರಂತೆ ಕಾಣತೊಡಗುತ್ತಾರೆ. ಅವರಲ್ಲಿ ನಿಜವಾದ ಬೇಟೆಗಾರ ಯಾರು, ನಾಗಪ್ಪನ ಭಯವೇ ಹುಟ್ಟಿಸಿದ ಬೇಟೆಗಾರ ಯಾರು ಅನ್ನುವುದು ಅವನಿಗೂ ತಿಳಿಯುವುದಿಲ್ಲ, ಓದುವ ನಮಗೂ ತಿಳಿಯುವುದಿಲ್ಲ.

ಕಂಪನಿಯ ಬಲ ಎಲ್ಲಿದೆ ಅಂತ ಚಿತ್ತಾಲರಿಗೆ ಚೆನ್ನಾಗಿ ಗೊತ್ತಿತ್ತು. ಅದು ಕೆಲಸದಿಂದ ತೆಗೆಯುವುದರಲ್ಲಿಲ್ಲ, ಕಾರಣ ಹೇಳದೇ ಇರುವುದರಲ್ಲಿದೆ. ಕಾರಣ ಗೊತ್ತಾದವನು ಜಗಳ ಆಡಬಹುದು, ಇಲ್ಲವೇ ಒಪ್ಪಿಕೊಂಡು ಮುಂದೆ ಹೋಗಬಹುದು. ಕಾರಣ ಗೊತ್ತಿಲ್ಲದವನು ತನ್ನನ್ನೇ ತಾನು ವಿಚಾರಣೆ ಮಾಡಿಕೊಳ್ಳತೊಡಗುತ್ತಾನೆ. ನಾಗಪ್ಪ ಬಾಲ್ಯದ ನೋವುಗಳ ತನಕ ಹೋಗುತ್ತಾನೆ, ಆಫೀಸಿನ ಒಂದು ಕಾಗದ ಅವನನ್ನು ಅಲ್ಲಿಯವರೆಗೆ ಅಟ್ಟಿಸಿಕೊಂಡು ಹೋಗುತ್ತದೆ.

ಇದನ್ನು ನಾನು ಕಣ್ಣಾರೆ ಕಂಡೆ. ನಮ್ಮ ತಂಡದಲ್ಲಿ ನನಗಿಂತ ಐದು ವರ್ಷ ಸೀನಿಯರ್ ಆದ ಒಬ್ಬರಿದ್ದರು. ಒಂದು ಮಂಗಳವಾರ ಬೆಳಿಗ್ಗೆ ಹದಿನೈದು ನಿಮಿಷದ ಕಾಲ್‌ಗೆ ಕರೆದರು, ಮಧ್ಯಾಹ್ನದ ಹೊತ್ತಿಗೆ ಅವರ ಲ್ಯಾಪ್‌ಟಾಪ್ ಲಾಕ್ ಆಗಿತ್ತು. ‘ಪುನರ್ರಚನೆ’ ಅನ್ನುವ ಅರ್ಥ ಬರುವ ಒಂದು ಇಂಗ್ಲಿಷ್ ಪದ ಬಿಟ್ಟರೆ ಇನ್ನೇನೂ ಹೇಳಿರಲಿಲ್ಲ. ಸಂಜೆ ಅವರ ಮನೆಗೆ ಹೋದಾಗ ಸಂಬಳದ ಮಾತೇ ಬರಲಿಲ್ಲ. ಎರಡು ವರ್ಷದ ಹಿಂದೆ ಯಾವುದೋ ರಿವ್ಯೂನಲ್ಲಿ ಮ್ಯಾನೇಜರಿಗೆ ಎದುರು ಮಾತಾಡಿದ್ದು, ಒಂದು ಟೀಮ್ ಔಟಿಂಗ್ ತಪ್ಪಿಸಿಕೊಂಡದ್ದು, ಮಗಳ ಹುಷಾರಿಲ್ಲ ಅಂತ ನಾಲ್ಕು ದಿನ ರಜೆ ಹಾಕಿದ್ದು, ಹೀಗೆ ಒಂದೊಂದೇ ತೆಗೆದು ‘ಇದಕ್ಕಿರಬಹುದಾ?’ ಅಂತ ಕೇಳುತ್ತಿದ್ದರು. ಅತ್ತಿಗೆ ಕಾಫಿ ತಂದಿಟ್ಟು, ‘ನೀವಾದ್ರೂ ಹೇಳಿ, ಬೆಳಿಗ್ಗೆಯಿಂದ ಇದೇ ಮಾತು’ ಅಂದರು. ನಾಗಪ್ಪ ಕಾಗದದ ಮೇಲಿಂದ ಎದ್ದು ಆ ಸೋಫಾದಲ್ಲಿ ಕೂತಿದ್ದ ಹಾಗಿತ್ತು.

ಒಂದು ವಾರ ಬಿಟ್ಟು ಅವರಿಗೆ ‘ಶಿಕಾರಿ’ ಕೊಡಲು ಹೋದೆ. ‘ಮಾರಾಯಾ, ನನಗೆ ಈಗ ಬೇಕಿರೋದು ರೆಫರಲ್, ಕಾದಂಬರಿ ಅಲ್ಲ’ ಅಂದರು. ಸರಿಯಾದ ಮಾತು. ರೆಫರಲ್ ಮೊದಲು, ಸಾಹಿತ್ಯ ಆಮೇಲೆ. ಮೂರೂವರೆ ತಿಂಗಳಾದ ಮೇಲೆ ಬೇರೆ ಕಡೆ ಕೆಲಸ ಸಿಕ್ಕಿತು, ಆಗ ಅವರೇ ಫೋನ್ ಮಾಡಿ ಪುಸ್ತಕ ಕೇಳಿದರು. ಓದಿ ಮುಗಿಸಿ ಕಳಿಸಿದ ಮೆಸೇಜ್ ಒಂದೇ ಸಾಲು: ‘ಇವನಿಗೂ ಕಾರಣ ಹೇಳಲಿಲ್ಲವಲ್ಲ ಕಣೋ.’ ಅದರಲ್ಲಿ ಸಮಾಧಾನ ಇತ್ತೋ ಸಿಟ್ಟು ಇತ್ತೋ, ನಾನು ಕೇಳಲು ಹೋಗಲಿಲ್ಲ.

ಹಾಗಂತ ‘ಶಿಕಾರಿ’ ಸಲೀಸಾಗಿ ಓದಿಸಿಕೊಳ್ಳುವ ಪುಸ್ತಕ ಅಲ್ಲ. ಮೆಟ್ರೊದಲ್ಲಿ ನಿಂತುಕೊಂಡು ಐದೈದು ನಿಮಿಷ ಓದುವವರಿಗೆ ಕಷ್ಟ. ನಾಗಪ್ಪನ ತಲೆಯೊಳಗಿನ ಮಾತು ಪುಟಗಟ್ಟಲೆ ಹರಿಯುತ್ತದೆ, ಅಲ್ಲಲ್ಲಿ ಸುತ್ತಿ ಸುತ್ತಿ ಅದೇ ಜಾಗಕ್ಕೆ ಬರುತ್ತದೆ. ಹೆಣ್ಣು ಪಾತ್ರಗಳನ್ನು ನೋಡುವ ಕಣ್ಣು ಇವತ್ತಿಗೆ ಸ್ವಲ್ಪ ಹಳತು ಅನ್ನಿಸುತ್ತೆ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಫೋನನ್ನು ಬೇರೆ ರೂಮಿನಲ್ಲಿಟ್ಟು ಶುರುಮಾಡಿ. ಮೊದಲ ಭಾಗ ದಾಟಿದರೆ ಆಮೇಲೆ ಅದೇ ನಿಮ್ಮನ್ನು ಹಿಡಿದುಕೊಳ್ಳುತ್ತದೆ.

ಅಷ್ಟು ಪುರುಸೊತ್ತಿಲ್ಲ ಅನ್ನುವವರಿಗೆ ಒಂದೇ ರಾತ್ರಿಯಲ್ಲಿ ಮುಗಿಯುವ ಪುಸ್ತಕವೂ ಇದೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ 2013ರಲ್ಲಿ ಬಂದದ್ದು. ಶ್ರೀನಾಥ್ ಪೇರೂರ್ ಅವರ ಇಂಗ್ಲಿಷ್ ಅನುವಾದದ ಮೂಲಕ ಹೊರದೇಶಗಳಲ್ಲೂ ಹೆಸರು ಮಾಡಿತು. ಇದರ ನಿರೂಪಕನಿಗೆ ‘ಶಿಕಾರಿ’ಯ ನಾಗಪ್ಪನಿಗಿದ್ದ ಭಯವಿಲ್ಲ, ಯಾಕೆಂದರೆ ಅವನಿಗೆ ಕೆಲಸವೇ ಇಲ್ಲ. ಮನೆಯ ಮಸಾಲೆ ವ್ಯಾಪಾರದಲ್ಲಿ ಹೆಸರಿಗೆ ಒಂದು ಹುದ್ದೆ, ತಿಂಗಳು ತಿಂಗಳು ಖಾತೆಗೆ ದುಡ್ಡು, ದಿನವಿಡೀ ಕಾಫಿ ಹೌಸ್‌ನಲ್ಲಿ ಕೂರುವುದು.

ಆದರೆ ಈ ದುಡ್ಡು ಎಲ್ಲಿಂದ ಬಂತು ಅಂತ ನೋಡಿದರೆ ಅಲ್ಲೂ ಒಂದು ಕೆಲಸ ಹೋದ ಕಥೆಯಿದೆ. ನಿರೂಪಕನ ಅಪ್ಪ ಸೇಲ್ಸ್‌ಮನ್. ದಿನದ ಲೆಕ್ಕ ತಾಳೆಯಾಗದಿದ್ದರೆ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಕೂರುವಂಥ ಪ್ರಾಮಾಣಿಕ. ಅವರನ್ನು ಅವಧಿಗೆ ಮೊದಲೇ ನಿವೃತ್ತಿ ಮಾಡಿಸಿ ಕಳಿಸುತ್ತಾರೆ. ಕೈಗೆ ಬಂದ ಆ ಹಣದಿಂದ ಚಿಕ್ಕಪ್ಪ ವ್ಯಾಪಾರ ಶುರುಮಾಡುತ್ತಾನೆ, ಅದು ಕುದುರುತ್ತದೆ. ಇರುವೆ ಸಾಲುಗಟ್ಟುವ ಇಕ್ಕಟ್ಟಿನ ಮನೆಯಿಂದ ದೊಡ್ಡ ಮನೆಗೆ ಹೋಗುತ್ತಾರೆ. ಅಲ್ಲಿಂದ ಮುಂದೆ ಇಡೀ ಮನೆ ಚಿಕ್ಕಪ್ಪನ ಸುತ್ತ ತಿರುಗುತ್ತದೆ. ಅವನ ಊಟ, ಅವನ ನಿದ್ದೆ, ಅವನ ಮೂಡು. ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬಳು ಹೆಂಗಸು ಮಸೂರ ಬೇಳೆಯ ಸಾರು ಮಾಡಿ ತಂದಾಗ ಮನೆಯ ಹೆಂಗಸರು ಅವಳನ್ನು ಬಾಗಿಲಿನಿಂದ ಅಟ್ಟುವ ಪ್ರಸಂಗ ಇದೆ. ಕಾದಂಬರಿಯ ಒಳಗಿನ ಹಿಂಸೆಯೆಲ್ಲ ಅಲ್ಲಿದೆ. ಸಾರಿನ ಪಾತ್ರೆಗೂ ಇಷ್ಟು ಕ್ರೌರ್ಯಕ್ಕೂ ಸಂಬಂಧ ಕಲ್ಪಿಸಿದ ಶಾನಭಾಗರು ಅಲ್ಲೆಲ್ಲೂ ದನಿ ಏರಿಸಿಲ್ಲ.

ನನ್ನ ಹೆಂಡತಿ ಇದನ್ನು ಒಂದೇ ಏಟಿಗೆ ಓದಿ ಮುಗಿಸಿ, ‘ಈ ಅನಿತಾ ಒಬ್ಬಳೇ ಆ ಮನೇಲಿ ಮನುಷ್ಯಳು’ ಅಂದಳು. ಅನಿತಾ ನಿರೂಪಕನ ಹೆಂಡತಿ. ಗಂಡ ಅನ್ನಿಸಿಕೊಂಡವನು ಸ್ವಂತ ದುಡಿಮೆಯಿಂದ ಬದುಕಬೇಕು ಅಂತ ಕೇಳುವವಳು, ಆ ಹೆಂಗಸನ್ನು ಅಟ್ಟಿದ್ದು ತಪ್ಪು ಅಂತ ಬಾಯಿ ಬಿಟ್ಟು ಹೇಳುವವಳು. ನಾನು, ‘ಅವಳಿಗೂ ಸ್ವಲ್ಪ ಹಟ ಜಾಸ್ತಿ ಅಲ್ವಾ?’ ಅಂದೆ. ‘ನಿಮ್ಮ ತಲೇಲಿ ಕೂತು ಆ ಗಂಡಸು ಕಥೆ ಹೇಳ್ತಾ ಇದಾನೆ, ಅದಕ್ಕೇ ಹಾಗನ್ನಿಸೋದು’ ಅಂತ ಉತ್ತರ ಬಂತು. ಯೋಚಿಸಿದರೆ ಅವಳು ಹೇಳಿದ್ದು ಈ ಪುಸ್ತಕದ ಬಗ್ಗೆ ಬಹಳ ಮುಖ್ಯವಾದ ವಿಷಯ. ನಿರೂಪಕ ಮೃದುವಾಗಿ, ತಮಾಷೆಯಾಗಿ ಮಾತಾಡುತ್ತಾ ನಮ್ಮನ್ನು ತನ್ನ ಪಕ್ಕ ಕೂರಿಸಿಕೊಳ್ಳುತ್ತಾನೆ. ಪುಸ್ತಕ ಮುಗಿಯುವಷ್ಟರಲ್ಲಿ ನಾವು ಯಾರ ಪಕ್ಕ ಕೂತಿದ್ದೆವು ಅಂತ ಗೊತ್ತಾಗಿ ಮೈ ಜುಂ ಅನ್ನುತ್ತೆ.

ಕಾದಂಬರಿ ಬೇಡ, ನಾಟಕ ಕೊಡಿ ಅಂದರೆ ‘ತುಘಲಕ್’. ಗಿರೀಶ ಕಾರ್ನಾಡರು 1964ರಲ್ಲಿ ಇದನ್ನು ಪ್ರಕಟಿಸಿದಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ನನ್ನ ವಯಸ್ಸಿನವರಿಗೆ ಇದು ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯ. ನೆಹರೂ ಯುಗದ ಕನಸು ಮುರಿದ ಕಥೆ ಅಂತ ವಿಮರ್ಶಕರು ಓದಿದ್ದಾರೆ. ಸಿ.ಆರ್. ಸಿಂಹ ಅವರ ತುಘಲಕ್ ಪಾತ್ರವನ್ನು ನಮ್ಮ ಹಿಂದಿನ ತಲೆಮಾರಿನವರು ಇನ್ನೂ ಕಣ್ಣರಳಿಸಿ ನೆನೆಸಿಕೊಳ್ಳುತ್ತಾರೆ.

ನಾನು ಮಾತ್ರ ಇದನ್ನು ಮ್ಯಾನೇಜ್‌ಮೆಂಟ್ ನಾಟಕವಾಗಿ ಓದುತ್ತೇನೆ, ಪಂಡಿತರು ಕ್ಷಮಿಸಲಿ. ಸುಲ್ತಾನ ದಡ್ಡನಲ್ಲ, ಇಡೀ ಆಸ್ಥಾನದಲ್ಲಿ ಅವನಷ್ಟು ಓದಿಕೊಂಡವನಿಲ್ಲ. ಚದುರಂಗದ ಬಿಡಿಸಲಾಗದ ಸಮಸ್ಯೆಯನ್ನು ಬಿಡಿಸಿ ಖುಷಿಪಡುತ್ತಾನೆ, ರಾತ್ರಿ ನಿದ್ದೆ ಮಾಡದೆ ಪ್ರಜೆಗಳ ಭವಿಷ್ಯ ಯೋಚಿಸುತ್ತಾನೆ. ದೆಹಲಿಯಿಂದ ದೌಲತಾಬಾದಿಗೆ ರಾಜಧಾನಿ ಬದಲಿಸುವುದಕ್ಕೆ ಅವನ ಬಳಿ ಒಳ್ಳೆಯ ಕಾರಣವೇ ಇದೆ. ಮೊದಲು ಅದು ಬನ್ನಿ ಅನ್ನುವ ಆಹ್ವಾನ. ತನ್ನವರೇ ತನ್ನ ವಿರುದ್ಧ ಸಂಚು ಮಾಡಿದರು ಅಂತ ಗೊತ್ತಾದ ಮೇಲೆ ಅದೇ ಆಹ್ವಾನ ಆಜ್ಞೆಯಾಗುತ್ತದೆ, ದೆಹಲಿಯಲ್ಲಿ ಒಂದು ನರಪಿಳ್ಳೆಯೂ ಉಳಿಯಕೂಡದು. ‘ಇಚ್ಛೆಯಿದ್ದವರು ಆಫೀಸಿಗೆ ಬನ್ನಿ’ ಅನ್ನುವ ಮೇಲ್, ಆರು ತಿಂಗಳಲ್ಲಿ ‘ವಾರಕ್ಕೆ ಐದು ದಿನ ಕಡ್ಡಾಯ’ ಆದದ್ದನ್ನು ನೋಡಿದವರಿಗೆ ಈ ದೃಶ್ಯಗಳನ್ನು ವಿವರಿಸಬೇಕಾಗಿಲ್ಲ. ನಾಟಕದಲ್ಲಿ ದಾರಿಯುದ್ದಕ್ಕೂ ಹೆಣ ಬೀಳುತ್ತವೆ, ನಮಗೆ ಪಿ.ಜಿ. ಅಡ್ವಾನ್ಸ್ ಹೋಗುತ್ತೆ. ಆ ವ್ಯತ್ಯಾಸ ನನಗೂ ಗೊತ್ತಿದೆ.

ಆದರೂ ಈ ನಾಟಕದಲ್ಲಿ ನನಗೆ ಅಚ್ಚುಮೆಚ್ಚಿನವನು ಸುಲ್ತಾನನಲ್ಲ, ಅಜೀಜ್ ಅನ್ನುವ ಅಗಸ. ಸುಲ್ತಾನ ಹೊಸ ನೀತಿ ತಂದಾಗಲೆಲ್ಲ ಅದರಲ್ಲಿರುವ ತೂತು ಮೊದಲು ಕಾಣುವುದು ಇವನಿಗೆ. ರಾಜನ ಮೇಲೂ ಪ್ರಜೆ ದಾವೆ ಹೂಡಬಹುದು ಅಂದರೆ ಬ್ರಾಹ್ಮಣನ ವೇಷ ಹಾಕಿ ದಾವೆ ಗೆದ್ದು ಪರಿಹಾರ ತಗೋತಾನೆ. ತಾಮ್ರದ ನಾಣ್ಯ ಬಂದರೆ ಖೋಟಾ ನಾಣ್ಯಕ್ಕೆ ಇಳಿಯುತ್ತಾನೆ. ಆದರ್ಶವಾದಿ ಬರೆದ ನಿಯಮಾವಳಿಯನ್ನು ಅಷ್ಟು ಶ್ರದ್ಧೆಯಿಂದ ಓದಿದವನು ರಾಜ್ಯದಲ್ಲಿ ಅವನೊಬ್ಬನೇ. ಕೊನೆಗೆ ಇಬ್ಬರೂ ಮುಖಾಮುಖಿಯಾಗುವ ದೃಶ್ಯವನ್ನು ಓದಿ, ಸಾಧ್ಯವಾದರೆ ನೋಡಿ. ಪ್ರದರ್ಶನ ಇದೆ ಅಂತ ಗೊತ್ತಾದರೆ ಶನಿವಾರದ ಟ್ರಾಫಿಕ್ ಲೆಕ್ಕ ಹಾಕದೆ ಹೊರಡಿ.

ಕವಿತೆಗೆ ಬಂದರೆ ನಿಸಾರ್ ಅಹಮದ್ ಅವರ ‘ಕುರಿಗಳು ಸಾರ್ ಕುರಿಗಳು’ ಎಲ್ಲರಿಗೂ ಗೊತ್ತಿರುವುದೇ. ಭೂವಿಜ್ಞಾನ ಓದಿದ ಕವಿ ಬರೆದದ್ದು. ಆಲ್-ಹ್ಯಾಂಡ್ಸ್ ಮೀಟಿಂಗ್ ಮುಗಿದ ಮೇಲೆ ಓದಿಕೊಳ್ಳಿ, ಹೆಚ್ಚೇನೂ ಹೇಳುವುದಿಲ್ಲ.

ನಮ್ಮದೇ ಸಾಫ್ಟ್‌ವೇರ್ ಜಗತ್ತಿನಿಂದ ಬಂದವರು ವಸುಧೇಂದ್ರ. ವರ್ಷಗಟ್ಟಲೆ ಐ.ಟಿ. ಕೆಲಸ ಮಾಡಿ, ಆಮೇಲೆ ಅದನ್ನು ಬಿಟ್ಟು ಬರಹಕ್ಕೆ ಮತ್ತು ‘ಛಂದ ಪುಸ್ತಕ’ ಪ್ರಕಾಶನಕ್ಕೆ ನಿಂತವರು. ಜನ ಅವರ ‘ತೇಜೋ ತುಂಗಭದ್ರಾ’ವನ್ನು ಹೊಗಳುತ್ತಾರೆ. ಲಿಸ್ಬನ್ನು, ಗೋವಾ, ವಿಜಯನಗರಗಳನ್ನು ಒಟ್ಟಿಗೆ ಹೆಣೆದ ಆ ಕಾದಂಬರಿ ನಿಜಕ್ಕೂ ಓದಿಸಿಕೊಳ್ಳುತ್ತೆ. ನನ್ನ ಆಯ್ಕೆ ಕೇಳಿದರೆ ‘ಮೋಹನಸ್ವಾಮಿ’. ಸಲಿಂಗಕಾಮಿಯಾಗಿ ಬದುಕುವ ಒಬ್ಬನ ಪಾಡನ್ನು ಕನ್ನಡದಲ್ಲಿ ಇಷ್ಟು ನೇರವಾಗಿ ಹೇಳುವುದಕ್ಕೆ 2013ರಲ್ಲಿ ದೊಡ್ಡ ಧೈರ್ಯ ಬೇಕಿತ್ತು. ಕಥೆಗಳು ಎಲ್ಲವೂ ಒಂದೇ ತೂಕದವಲ್ಲ, ಕೆಲವು ಕಣ್ಣೀರಿನ ಕಡೆಗೆ ಬೇಗ ವಾಲುತ್ತವೆ. ಆದರೆ ಹೇಳಿಕೊಳ್ಳಲಾಗದ ಬದುಕನ್ನು ಸುತ್ತಲಿನವರಿಂದ ಬಚ್ಚಿಟ್ಟುಕೊಂಡು ದಿನ ದೂಡುವ ಒಂಟಿತನ ಅಲ್ಲಿ ಸಿಗುವಷ್ಟು ಹತ್ತಿರದಿಂದ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಕ್ಯಾಂಟೀನಿನ ಪ್ರಶ್ನೆಯಲ್ಲಿ ಒಂದು ಪಾಲು ಉಳಿದೇ ಇದೆ. ನಾಗಪ್ಪ ದೊಡ್ಡ ಹುದ್ದೆಯವನು, ಅವನ ಕಥೆ ಅವನೇ ಹೇಳಿಕೊಳ್ಳುತ್ತಾನೆ. ಅದೇ ಸಸ್ಪೆನ್ಷನ್ ಪತ್ರವನ್ನು ಟೈಪ್ ಮಾಡಿದವರ ಕಡೆಯಿಂದ ಒಂದು ಕಾದಂಬರಿ ನನಗೆ ಬೇಕು. ಹದಿನೈದು ನಿಮಿಷದ ಕಾಲ್‌ನಲ್ಲಿ ಬರೆದುಕೊಟ್ಟ ಸಾಲುಗಳನ್ನೇ ಓದಿ, ಕ್ಯಾಮೆರಾ ಆಫ್ ಮಾಡಿ, ಮುಂದಿನ ಹೆಸರಿಗೆ ಹೋಗುವ ಇಪ್ಪತ್ತಾರು ವರ್ಷದ ಎಚ್.ಆರ್. ಹುಡುಗಿಯದು. ರಾತ್ರಿ ಎರಡು ಗಂಟೆಗೆ ಕಂಪನಿಯ ಕ್ಯಾಬ್ ಓಡಿಸುತ್ತಾ ಹಿಂದಿನ ಸೀಟಿನ ಫೋನ್ ಮಾತುಗಳನ್ನು ಕೇಳಿಸಿಕೊಳ್ಳುವ ಚಾಲಕನದು. ಅಥವಾ ಮಂಗಳವಾರ ಸಂಜೆ ಮೂರನೇ ಸಲ ಕಾಫಿ ಬಿಸಿಮಾಡಿ ತಂದಿಟ್ಟ ಅತ್ತಿಗೆಯದು. ನಿಮ್ಮಲ್ಲಿ ಯಾರಾದರೂ ಬರೆಯುತ್ತಿದ್ದರೆ ಮುಗಿಸಿ, ಮೊದಲ ಪ್ರತಿ ನಾನು ಕೊಳ್ಳುತ್ತೇನೆ.