ಕಡಿಮೆ ಖರ್ಚಿನಲ್ಲಿ ಮನೆಯೊಳಗೊಂದು ಕಚೇರಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳಲ್ಲಿ ಮನೆಯೇ ದುಡಿಮೆಯ ಜಾಗವಾಗಿ ತಲೆಮಾರುಗಳೇ ಕಳೆದಿವೆ. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ತಂಬಾಕು ತಂದು ಜಗಲಿಯ ಬೆಳಕಿನಲ್ಲಿ ಬೀಡಿ ಕಟ್ಟಿದ ಹೆಂಗಸರು ಎಷ್ಟೋ ಸಂಸಾರಗಳನ್ನು ದಡ ಸೇರಿಸಿದ್ದಾರೆ. 2020ರ ಮಾರ್ಚ್‌ನ ಲಾಕ್‌ಡೌನ್ ನಂತರ ಅದೇ ಜಗಲಿ, ಚಾವಡಿಗಳಿಗೆ ಲ್ಯಾಪ್‌ಟಾಪ್ ಬಂತು. ಬೆಂಗಳೂರು, ಮಂಗಳೂರಿನ ಕಂಪನಿಗಳ ಕೆಲಸ, ಲೆಕ್ಕಪತ್ರ, ಆನ್‌ಲೈನ್ ಪಾಠ, ಭಾಷಾಂತರ ಎಲ್ಲವೂ ಊರಿನಿಂದಲೇ ನಡೆಯತೊಡಗಿದವು. ಇಂಥ ಕೆಲಸಕ್ಕೆ ಮನೆಯ ಒಂದು ಮೂಲೆಯನ್ನು ಸಜ್ಜುಗೊಳಿಸಲು ದೊಡ್ಡ ಮೊತ್ತ ಬೇಕಿಲ್ಲ. ಆದರೆ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ, ಗುಡುಗು ಸಿಡಿಲಿನ ಕಾಟವಿರುವ ಈ ಸೀಮೆಯಲ್ಲಿ ಅಂದಚಂದಕ್ಕಿಂತ ಮೊದಲು ಬೆನ್ನು, ವಿದ್ಯುತ್ತು ಮತ್ತು ತೇವ, ಈ ಮೂರರ ಚಿಂತೆ ಮಾಡಬೇಕು.

ಜಾಗದ ಆಯ್ಕೆ

ಜಾಗದ ಆಯ್ಕೆಗೆ ದುಡ್ಡು ಬೇಡ, ಆದರೆ ಮುಂದಿನ ಖರ್ಚೆಲ್ಲ ಅದನ್ನೇ ಅವಲಂಬಿಸಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಮಳೆ ಹೆಚ್ಚಾಗಿ ಪಶ್ಚಿಮ ಮತ್ತು ನೈಋತ್ಯದಿಂದ ಬಡಿಯುತ್ತದೆ. ಆ ದಿಕ್ಕಿನ ಗೋಡೆ, ಅದರಲ್ಲೂ ಗಾರೆ ಮಾಡದ ಮುರಕಲ್ಲಿನ ಗೋಡೆ, ನೀರು ಹೀರಿ ತಿಂಗಳುಗಟ್ಟಲೆ ಒದ್ದೆಯಾಗಿರುತ್ತದೆ. ಮೇಜನ್ನು ಒಳಗೋಡೆಗೆ ಇಲ್ಲವೇ ಪೂರ್ವ, ಉತ್ತರದ ಗೋಡೆಗೆ ಹಾಕಿ, ನಡುವೆ ಗಾಳಿಯಾಡಲು ಎರಡು ಮೂರು ಇಂಚು ಬಿಡುವುದು ಒಳ್ಳೆಯದು. ತಾರಸಿಯ ಮೇಲೆ ಶೀಟು ಹಾಕಿದ ಜಾಗ ಖಾಲಿಯಿದ್ದರೂ ಕಚೇರಿಗೆ ಆಗಿಬರುವುದಿಲ್ಲ. ಬೇಸಿಗೆಯಲ್ಲಿ ಅದು ಕಾದ ಕಾವಲಿ. ಮಳೆಗಾಲದಲ್ಲಿ ಶೀಟಿನ ಸದ್ದಿಗೆ ಫೋನಿನ ಮಾತು ಕೇಳುವುದಿಲ್ಲ. ಹಂಚಿನ ಮನೆಯಲ್ಲಿ ಉಪ್ಪರಿಗೆಗಿಂತ ಕೆಳಗಿನ ಕೋಣೆ ತಂಪು.

ಕಿಟಕಿ ಪಕ್ಕದಲ್ಲಿರಬೇಕು. ಎದುರಿಗಿದ್ದರೆ ಕಣ್ಣು ಕುಕ್ಕುತ್ತದೆ, ಬೆನ್ನ ಹಿಂದಿದ್ದರೆ ಬೆಳಕು ಪರದೆಯ ಮೇಲೆ ಹೊಳೆಯುತ್ತದೆ. ಮೋಡ ಕವಿದ ಜುಲೈ ತಿಂಗಳಲ್ಲಿ ಹಗಲಲ್ಲೂ ದೀಪ ಬೇಕಾಗುವುದರಿಂದ ಕೋಣೆಯ ದೀಪದ ಜೊತೆಗೆ 9 ವ್ಯಾಟ್‌ನ ಒಂದು ಎಲ್‌ಇಡಿ ಮೇಜುದೀಪ ಇದ್ದರೆ ಸಾಕು.

ಮೇಜು

ಲ್ಯಾಪ್‌ಟಾಪ್, ಕೀಲಿಮಣೆ, ಒಂದಷ್ಟು ಕಾಗದಪತ್ರಕ್ಕೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ ಧಾರಾಳ. ಎತ್ತರ 28ರಿಂದ 30 ಇಂಚು. ಇದಕ್ಕೆ ಹೊಸ ಮೇಜು ಕೊಳ್ಳುವ ಮೊದಲು ಮನೆಯ ಅಟ್ಟವನ್ನು ನೋಡಬೇಕು. ಹಳೆಯ ಹಂಚಿನ ಮನೆ ಕೆಡವಿದಾಗ ಉಳಿದ ಹಲಸಿನ ಬಾಗಿಲು, ಹೆಬ್ಬಲಸಿನ ಹಲಗೆ ಹಲವರಲ್ಲಿರುತ್ತವೆ. ಇಂಥವು ಹಳೆ ಮರದ ಸಾಮಾನಿನ ಅಂಗಡಿಗಳಲ್ಲೂ ಸಿಗುತ್ತವೆ. ದಶಕಗಳ ಕಾಲ ಒಣಗಿದ ಈ ಮರ ಇನ್ನು ಬಾಗುವುದು ಕಡಿಮೆ. ಆಚಾರಿಯಿಂದ ಹತ್ತರಿ ಹಿಡಿಸಿ ಪಾಲಿಷ್ ಮಾಡಿಸಿದರೆ ಹೊಸ ಹಲಗೆಗಿಂತ ಗಟ್ಟಿ. ಕಾಲುಗಳನ್ನು ಚೌಕ ಪೈಪಿನಿಂದ ಊರಿನ ವೆಲ್ಡಿಂಗ್ ಶಾಪಿನಲ್ಲೇ ಮಾಡಿಸಬಹುದು. ರೆಡ್ ಆಕ್ಸೈಡ್ ಬಳಿದು, ಮೇಲೆ ಪೇಂಟ್ ಹೊಡೆದು, ತುದಿಗೆ ರಬ್ಬರ್ ಬುಷ್ ಹಾಕಿಸಿದರೆ ತುಕ್ಕು ತಡವಾಗಿ ಹಿಡಿಯುತ್ತದೆ.

ಪ್ಲೈವುಡ್ ಕೊಳ್ಳುವವರು ಅದರ ಮೇಲಿನ ಗುರುತು ನೋಡಬೇಕು. ಎಂಆರ್ ದರ್ಜೆಯದು ಗಾಳಿಯ ತೇವವನ್ನಷ್ಟೇ ತಾಳುತ್ತದೆ. ಐಎಸ್ 303ರ ಬಿಡಬ್ಲ್ಯುಆರ್ ದರ್ಜೆ ಅದಕ್ಕಿಂತ ಮೇಲು. ಐಎಸ್ 710 ಗುರುತಿನದು ಇನ್ನೂ ಗಟ್ಟಿಯಾದರೂ ಒದ್ದೆಯಾಗದ ಕೋಣೆಯ ಮೇಜಿಗೆ ಅಷ್ಟು ಖರ್ಚು ಬೇಡ. ಎಂಟಕ್ಕೆ ನಾಲ್ಕು ಅಡಿಯ ಒಂದು ಶೀಟಿನಲ್ಲಿ ನಾಲ್ಕು ಮೇಜುಹಲಗೆ ಏಳುತ್ತವೆ. ಆದ್ದರಿಂದ ನೆರೆಹೊರೆಯವರು ಸೇರಿ ಕೊಂಡರೆ ಲಾಭ. ಅಗ್ಗದ ರೆಡಿಮೇಡ್ ಮೇಜುಗಳಲ್ಲಿ ಬಳಸುವ ಪಾರ್ಟಿಕಲ್ ಬೋರ್ಡ್ ಈ ಹವೆಗೆ ಹೇಳಿದ್ದಲ್ಲ. ಅಂಚಿನಿಂದ ತೇವ ಹೊಕ್ಕರೆ ಉಬ್ಬಿ, ಸ್ಕ್ರೂ ಹಿಡಿತ ಬಿಡುತ್ತದೆ. ಬೆಳ್ತಂಗಡಿ ಕಡೆ ಧಾರಾಳವಾಗಿರುವ ರಬ್ಬರ್ ಮರವನ್ನು ಕೊಯ್ದು ಹಾಗೆಯೇ ಬಳಸಿದರೆ ಬೂಷ್ಟು ಹಿಡಿಯುತ್ತದೆ, ಹುಳು ಕೊರೆಯುತ್ತದೆ. ಬೋರಾನ್ ಸಂಸ್ಕರಣೆ ಆದದ್ದನ್ನೇ ಕೊಳ್ಳಬೇಕು. ಪುಸ್ತಕ, ಫೈಲುಗಳಿಗೆ ಗೋಡೆಯಲ್ಲಿ ಕೂರಿಸಿದ ಕಡಪ ಕಲ್ಲಿನ ಶೆಲ್ಫ್ ಲೇಸು. ಕಲ್ಲನ್ನು ಗೆದ್ದಲು ತಿನ್ನುವುದಿಲ್ಲ.

ಕುರ್ಚಿ

ಮೇಜಿನಲ್ಲಿ ಉಳಿಸಿದ ಹಣವನ್ನು ಕುರ್ಚಿಗೆ ಹಾಕಬೇಕು. ದಿನಕ್ಕೆ ಎಂಟು ಗಂಟೆ ದೇಹದ ಭಾರ ಹೊರುವುದು ಅದೇ. ಪಾದ ನೆಲಕ್ಕೆ ಪೂರ್ತಿ ತಾಗಿ, ತೊಡೆ ನೆಲಕ್ಕೆ ಸಮಾನಾಂತರವಾಗಿ, ಕೆಳಬೆನ್ನಿಗೆ ಆಸರೆ ಸಿಕ್ಕಿ, ಮೊಣಕೈ ಮೇಜಿನ ಮಟ್ಟಕ್ಕೆ ಬಂದರೆ ಆ ಕುರ್ಚಿ ಸರಿ. ನಗರದ ಮುಚ್ಚಿದ ಕಚೇರಿಗಳಿಂದ ಬರುವ ಹಳೆಯ ಕುರ್ಚಿಗಳು ಹೊಸದಕ್ಕಿಂತ ಬಹಳ ಅಗ್ಗವಾಗಿ ದೊರೆಯುತ್ತವೆ. ಕೊಳ್ಳುವಾಗ ಹತ್ತು ನಿಮಿಷ ಕೂತು ನೋಡಬೇಕು. ಕುರ್ಚಿ ತಾನಾಗಿ ಕೆಳಗಿಳಿದರೆ ಅದರ ಗ್ಯಾಸ್ ಸಿಲಿಂಡರ್ ಕೆಟ್ಟಿದೆ ಎಂದರ್ಥ. ರೆಕ್ಸಿನ್ ಹೊದಿಕೆಗೆ ಮಳೆಗಾಲದಲ್ಲಿ ಬೂಷ್ಟು ಬರುವುದರಿಂದ ಬಲೆಯಂಥ ಬೆನ್ನಿರುವುದನ್ನು ಆರಿಸುವುದು ಮೇಲು.

ಈಗಲೇ ಕೊಳ್ಳಲಾಗದವರು ಊಟದ ಮೇಜಿನ ಮರದ ಕುರ್ಚಿಯನ್ನೇ ಸುಧಾರಿಸಿಕೊಳ್ಳಬಹುದು. ಕೆಳಬೆನ್ನಿಗೆ ಸುತ್ತಿದ ಬೈರಾಸು, ಕಾಲು ನೆಲಕ್ಕೆ ಎಟುಕದಿದ್ದರೆ ಅಡಿಗೆ ಒಂದು ಮಣೆ. ಲ್ಯಾಪ್‌ಟಾಪನ್ನು ದಪ್ಪ ಪುಸ್ತಕಗಳ ಮೇಲಿಟ್ಟು ಪರದೆಯ ಮೇಲಂಚನ್ನು ಕಣ್ಣಿನ ಮಟ್ಟಕ್ಕೆ ತಂದು, ಬೇರೆ ಕೀಲಿಮಣೆ ಮತ್ತು ಮೌಸ್ ಜೋಡಿಸಿದರೆ ಕತ್ತು ಬಗ್ಗಿಸುವುದು ತಪ್ಪುತ್ತದೆ. ಎಷ್ಟೇ ಒಳ್ಳೆಯ ಕುರ್ಚಿಯಿದ್ದರೂ ಅರ್ಧ ಮುಕ್ಕಾಲು ಗಂಟೆಗೊಮ್ಮೆ ಎದ್ದು ಓಡಾಡಲೇಬೇಕು.

ವಿದ್ಯುತ್ತು ಮತ್ತು ಇಂಟರ್‌ನೆಟ್

ಮರ ಬಿದ್ದು ತಂತಿ ತುಂಡಾದರೆ ಹಳ್ಳಿಗಳಲ್ಲಿ ಕರೆಂಟು ಬರಲು ಗಂಟೆಗಳೇ ಬೇಕು. ಇನ್ವರ್ಟರಿನ 12 ವೋಲ್ಟ್, 150 ಆಂಪಿಯರ್-ಅವರ್‌ನ ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಶಕ್ತಿಯಿದೆ. ನಷ್ಟ ಕಳೆದು ಮೂರನೇ ಎರಡರಷ್ಟು, ಅಂದರೆ 1,200, ಕೈಗೆ ಸಿಗುತ್ತದೆ ಎಂದುಕೊಳ್ಳೋಣ. ಲ್ಯಾಪ್‌ಟಾಪ್ 60, ಫ್ಯಾನ್ 70, ದೀಪ 10, ರೂಟರ್ 10, ಒಟ್ಟು 150 ವ್ಯಾಟ್‌ಗೆ ಅದು ಸುಮಾರು 8 ಗಂಟೆ ಬರುತ್ತದೆ. 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಸುಮಾರು 11 ಗಂಟೆ. ಇನ್ವರ್ಟರ್ ಕೊಳ್ಳಲು ಹಣವಿಲ್ಲದವರಿಗೆ ರೂಟರಿನ ಸಣ್ಣ ಯುಪಿಎಸ್ ಮೊದಲ ಹೆಜ್ಜೆ. ಲ್ಯಾಪ್‌ಟಾಪಿನ ಬ್ಯಾಟರಿ ಜೊತೆಗೆ ಅದಿದ್ದರೆ ಎರಡು ಮೂರು ಗಂಟೆ ಕೆಲಸ ನಿಲ್ಲುವುದಿಲ್ಲ.

ಸಿಡಿಲಿನಿಂದ ಯಂತ್ರಗಳನ್ನು ಉಳಿಸುವ ಖಚಿತ ದಾರಿ ಪ್ಲಗ್ ಕೀಳುವುದು. ಅದನ್ನು ಗುಡುಗು ಹತ್ತಿರ ಬರುವ ಮೊದಲೇ ಮಾಡಬೇಕು. ಸ್ಪೈಕ್ ಬಸ್ಟರ್ ವೋಲ್ಟೇಜಿನ ಸಣ್ಣ ಏರಿಕೆಯನ್ನು ತಡೆದೀತು, ನೇರ ಸಿಡಿಲನ್ನಲ್ಲ. ಪುಣೆಯ ಐಐಟಿಎಂ ರೂಪಿಸಿದ ‘ದಾಮಿನಿ’ ಆ್ಯಪ್ ಸುತ್ತಮುತ್ತಲಿನ ಸಿಡಿಲಿನ ಸೂಚನೆ ಕೊಡುತ್ತದೆ. ಅರ್ತಿಂಗ್ ಕೂಡ ಮುಖ್ಯ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ವಿದ್ಯುತ್ತನ್ನು ಸರಿಯಾಗಿ ಒಯ್ಯುವುದಿಲ್ಲ; ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ಸಿಡಿಲು ಬರುವುದೂ ಆಗಲೇ. ಅರ್ತ್ ಗುಂಡಿಗೆ ಆಗಾಗ ನೀರು ಹೊಯ್ಯುವುದು ಖರ್ಚಿಲ್ಲದ ಉಪಾಯ.

ಫೈಬರ್‌ನ ಗಾಜಿನೆಳೆ ವಿದ್ಯುತ್ತನ್ನು ಒಯ್ಯುವುದಿಲ್ಲ, ಹಳೆಯ ತಾಮ್ರದ ಟೆಲಿಫೋನ್ ತಂತಿಗಿಂತ ಈ ವಿಷಯದಲ್ಲಿ ಕ್ಷೇಮ. ಆದರೆ ತೋಟದ ನಡುವೆ ಎಳೆದ ಕೇಬಲ್ ಮೇಲೆ ತೆಂಗಿನ ಗರಿ, ಅಡಿಕೆ ಮರ ಬೀಳುವುದುಂಟು. ಬೇರೊಂದು ಕಂಪನಿಯ ಸಿಮ್ ಮೊಬೈಲಿನಲ್ಲಿದ್ದರೆ ಆಗ ಕೈಹಿಡಿಯುತ್ತದೆ. ದಪ್ಪ ಮುರಕಲ್ಲಿನ ಗೋಡೆ ವೈಫೈಯನ್ನು ತಡೆಯುವುದರಿಂದ ರೂಟರ್ ಕೆಲಸದ ಕೋಣೆಯಲ್ಲೇ ಇರಲಿ.

ಖರ್ಚಿನ ಕ್ರಮ

ಇನ್ವರ್ಟರ್ ಬಿಟ್ಟು 20,000 ರೂಪಾಯಿ ಕೈಯಲ್ಲಿದೆ ಎಂದಿಟ್ಟುಕೊಂಡರೆ 8,000ವನ್ನು ಕುರ್ಚಿಗೆ, 4,000ವನ್ನು ಹಳೆ ಹಲಗೆಗೆ ಕಾಲು ಕೂರಿಸಿ ಮೇಜು ಮಾಡಿಸಲು, 3,000ವನ್ನು ಪ್ಲಗ್ ಪಾಯಿಂಟ್ ಮತ್ತು ಅರ್ತಿಂಗ್ ಸರಿಪಡಿಸಲು, 2,000ವನ್ನು ರೂಟರಿನ ಯುಪಿಎಸ್‌ಗೆ, 1,500ನ್ನು ಕೀಲಿಮಣೆ, ಮೌಸ್‌ಗೆ ಎತ್ತಿಡಬಹುದು. ಉಳಿದ 1,500ರಲ್ಲಿ ಮೇಜುದೀಪ ಮತ್ತು ಕಾಗದಪತ್ರ ಒಣಗಿರಲು ಬಿಗಿ ಮುಚ್ಚಳದ ಡಬ್ಬ. ಇನ್ವರ್ಟರ್ ಎರಡನೆಯ ಹಂತದಲ್ಲಿ, ದೊಡ್ಡ ಮಾನಿಟರ್ ಮೂರನೆಯದರಲ್ಲಿ ಬರಲಿ. ಕಿಟಕಿಯ ಪರದೆ, ಗೋಡೆಯ ಬಣ್ಣ, ಅಲಂಕಾರಕ್ಕೆ ಕಾಯುವ ಶಕ್ತಿಯಿದೆ. ವಯರಿಂಗ್, ಅರ್ತಿಂಗ್, ಸೋರುವ ಮಾಡಿನ ರಿಪೇರಿಗೆ ಇಲ್ಲ. ಅವನ್ನು ಸಿಡಿಲಿನ ಕಾಲಕ್ಕೆ ಮೊದಲೇ, ಮಾರ್ಚ್ ತಿಂಗಳೊಳಗೆ ಮುಗಿಸಿಕೊಂಡರೆ ಮಳೆಗಾಲದ ನಾಲ್ಕೂ ತಿಂಗಳು ಕೆಲಸ ಸರಾಗ.